‘ದಿ’ ಅಂದ್ರೆ ಏನು ಅಂತ ಕೇಳಿದವರಿಗೆ

ದಾವಣಗೆರೆಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಅವರ ಮಗಳು ಕನ್ನಡ ಮೀಡಿಯಂನಲ್ಲಿ ಎಂಟನೇ ಕ್ಲಾಸು ಓದುತ್ತಿದ್ದಾಳೆ. ‘ದಿ ಅಂದ್ರೆ ಏನಪ್ಪ?’ ಅಂತ ಒಂದು ದಿನ ಕೇಳಿದಳಂತೆ. ಇವರು ಡಿಕ್ಷನರಿ ತೆಗೆದು ನೋಡಿದರೆ ‘ಆ, ಈ, ನಿರ್ದಿಷ್ಟವಾದ’ ಅಂತೆಲ್ಲ ಇತ್ತು, ಮಗಳಿಗೆ ಹೇಳಲು ಹೋದರೆ ಇಬ್ಬರಿಗೂ ತಲೆ ಕೆಟ್ಟಿತು. ‘ಎಲಿಫೆಂಟ್ ಅಂದ್ರೆ ಆನೆ, ಅಲ್ಲಿಗೆ ಮುಗೀತು. ಈ ದಿ, ಆಫ್, ಫಾರ್, ಸಿನ್ಸ್ ಅನ್ನೋ ಪುಟಾಣಿ ಪದಗಳಿಗೆ ಒಂದೊಂದು ಕನ್ನಡ ಅರ್ಥ ಹಾಕಿ ಪಟ್ಟಿ ಪ್ರಕಟಿಸಿ ಸಾರ್, ಅವಳು ಬಾಯಿಪಾಠ ಮಾಡ್ತಾಳೆ’ ಅಂತ ಕೇಳಿದ್ದಾರೆ.

ಸಾರ್, ಪಟ್ಟಿ ಕೊಡುವುದಿಲ್ಲ. ಜಾಗ ಇಲ್ಲ ಅಂತಲ್ಲ. ಆ ಪಟ್ಟಿ ಬಾಯಿಪಾಠ ಮಾಡಿದವರಲ್ಲಿ ನಾನೂ ಒಬ್ಬ, ಅದರಿಂದ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಮೊದಲು ಮಗಳಿಗೇ ಒಂದು ಪ್ರಶ್ನೆ ಕೇಳಿ: ‘ಮನೆಯಲ್ಲಿ’ ಅನ್ನುವ ಪದದ ಕೊನೆಯಲ್ಲಿರುವ ‘ಅಲ್ಲಿ’ಗೆ ಅರ್ಥ ಏನು? ಅವಳು ನಗುತ್ತಾಳೆ. ಅದು ಪ್ರತ್ಯಯ, ಅದಕ್ಕೆಂಥ ಅರ್ಥ! ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ನಾವೆಲ್ಲ ರಾಗವಾಗಿ ಒಪ್ಪಿಸಿದವರೇ (ಅದರಲ್ಲಿ ಆ ‘ದೆಸೆಯಿಂದ’ ಈಗ ಬರುವುದು ಯಾರಿಗಾದರೂ ಬೈಯುವಾಗ ಮಾತ್ರ, ‘ಎಲ್ಲಾ ನಿನ್ನ ದೆಸೆಯಿಂದ ಆಗಿದ್ದು’ ಅಂತ). ನಮ್ಮಲ್ಲಿ ಪದದ ಬಾಲಕ್ಕೆ ಅಂಟಿಕೊಂಡು ಮಾಡುವ ಕೆಲಸವನ್ನೇ ಇಂಗ್ಲಿಷಿನಲ್ಲಿ ಈ ಪುಟಾಣಿಗಳು ಪದದ ಮುಂದೆ ಬಿಡಿಯಾಗಿ ನಿಂತು ಮಾಡುತ್ತವೆ. ಹಾಗಾಗಿ ‘ಅರ್ಥ ಏನು’ ಅಂತ ಕೇಳುವುದಕ್ಕಿಂತ ‘ಕೆಲಸ ಏನು’ ಅಂತ ಕೇಳಿದರೆ ಉತ್ತರ ಸಿಗುತ್ತದೆ. ತೊಂದರೆ ಇರುವುದು ಬೇರೆ ಕಡೆ. ನಾವು ಒಂದೇ ಪ್ರತ್ಯಯಕ್ಕೆ ವಹಿಸಿದ ಕೆಲಸವನ್ನು ಅವರು ನಾಲ್ಕೈದು ಜನಕ್ಕೆ ಹಂಚಿಬಿಟ್ಟಿದ್ದಾರೆ.

ನಮ್ಮ ‘ಇಂದ’ವನ್ನೇ ತಗೊಳ್ಳಿ. ಮರದಿಂದ ಬಿದ್ದ, ಇದು ‘ಫ್ರಮ್’. ಚಾಕುವಿನಿಂದ ಹೆಚ್ಚಿದ, ಇದು ‘ವಿತ್’. ಟೀಕಿನಿಂದ ಮಾಡಿದ ಮೇಜು, ಇದಕ್ಕೆ ‘ಆಫ್’. ನನ್ನಿಂದ ಆಗಲ್ಲ ಅಂದರೆ ಅಲ್ಲಿ ಯಾವ ಪುಟಾಣಿಯೂ ಬೇಡ, ಸುಮ್ನೆ ‘ಐ ಕಾಂಟ್’. ಇನ್ನು ರಜೆ ಅರ್ಜಿ. ‘ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್’ ಅಂತ ಬರೆಯದ ಕನ್ನಡಿಗ ಇದ್ದಾನಾ? ಆ ವಾಕ್ಯದ ಒಳಗೆ ಕೂತಿರುವುದು ‘ಮೂರು ದಿನದಿಂದ ಜ್ವರದಿಂದ ಬಳಲುತ್ತಿದ್ದೇನೆ’ ಅನ್ನುವ ಕನ್ನಡ. ಎರಡು ‘ಇಂದ’. ಜ್ವರದ ‘ಇಂದ’ ‘ಫ್ರಮ್’ ಆಗಿದ್ದು ಸರಿ. ಮೂರು ದಿನದ ‘ಇಂದ’ ‘ಸಿನ್ಸ್’ ಆಗಿದ್ದು ತಪ್ಪು, ಅದು ‘ಫಾರ್’ ಆಗಬೇಕು. ಯಾಕೆಂದರೆ ನಮಗೆ ‘ಸೋಮವಾರದಿಂದ’ ಮತ್ತು ‘ಮೂರು ದಿನದಿಂದ’ ಎರಡೂ ಒಂದೇ, ಅವರಿಗೆ ಬೇರೆ ಬೇರೆ. ಕ್ಯಾಲೆಂಡರ್ ಮೇಲೆ ಬೆರಳಿಟ್ಟು ‘ಇಲ್ಲಿಂದ ಶುರು’ ಅಂತ ತೋರಿಸಬಹುದಾದರೆ ‘ಸಿನ್ಸ್’: ಸಿನ್ಸ್ ಮಂಡೇ, ಸಿನ್ಸ್ 2015. ಬೆರಳು ಮಡಚಿ ಒಂದು, ಎರಡು, ಮೂರು ಅಂತ ಎಣಿಸುವುದಾದರೆ ‘ಫಾರ್’. ಹಾಗೇ ಅಲ್ಲಿ ‘ಆಮ್’ ಬದಲು ‘ಹ್ಯಾವ್ ಬೀನ್’ ಬರಬೇಕು, ಅದು ಇನ್ನೊಂದು ಪತ್ರದ ವಿಷಯ.

ಎಲ್ಲ ಕಡೆ ನಾವೇ ಸೋಲುತ್ತೇವೆ ಅಂದುಕೊಳ್ಳಬೇಡಿ. ‘ಬೈ ಫ್ರೈಡೇ’ ಮತ್ತು ‘ಅಂಟಿಲ್ ಫ್ರೈಡೇ’ ನಡುವಿನ ವ್ಯತ್ಯಾಸ ಹೇಳಿಕೊಡುವುದಕ್ಕೆ ಕನ್ನಡದ ಮಕ್ಕಳಿಗೆ ಒಂದು ನಿಮಿಷ ಸಾಕು. ಮೊದಲನೆಯದು ಶುಕ್ರವಾರದೊಳಗೆ, ಎರಡನೆಯದು ಶುಕ್ರವಾರದವರೆಗೆ. ಮುಗೀತು.

ಈಗ ನಿಮ್ಮ ‘ದಿ’. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದ ಇದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 1961ರಲ್ಲಿ ಅಚ್ಚಾದ ಬರಹಗಳಿಂದ ಸುಮಾರು 10 ಲಕ್ಷ ಪದಗಳಷ್ಟು ಸಾಲುಗಳನ್ನು ಆರಿಸಿ ಎಣಿಸಿದಾಗ ‘ದಿ’ ಒಂದೇ ಸುಮಾರು 70 ಸಾವಿರ ಸಲ ಸಿಕ್ಕಿತ್ತು. ನೂರು ಪದಕ್ಕೆ ಏಳು! ಇಷ್ಟು ಜಾಸ್ತಿ ಬರುವ ಪದಕ್ಕೆ ಕನ್ನಡದಲ್ಲಿ ಸಮನಾದ ಪದ ಇಲ್ಲ ಅಂದರೆ ಆ ಕೆಲಸ ನಮ್ಮಲ್ಲಿ ನಡೆಯುವುದೇ ಇಲ್ವಾ? ನಡೆಯುತ್ತದೆ. ಅಜ್ಜಿ ಕಥೆ ಹೇಗೆ ಶುರುವಾಗುತ್ತಿತ್ತು ನೆನಪಿಸಿಕೊಳ್ಳಿ. ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡತಿಯರು.’ ಮೊದಲನೇ ಸಲ ಬಂದಾಗ ‘ಒಬ್ಬ ರಾಜ’, ಅದೇ ‘ಎ ಕಿಂಗ್’. ಎರಡನೇ ಸಲಕ್ಕೆ ಅವನು ನಮಗೆ ಪರಿಚಯದವನು, ‘ಆ ರಾಜ’, ಅದೇ ‘ದಿ ಕಿಂಗ್’. ‘ದಿ’ ಅಂದರೆ ಕೇಳುವವರಿಗೆ ಮಾತಾಡುವವರು ಕಣ್ಣು ಮಿಟುಕಿಸಿದ ಹಾಗೆ: ಯಾವುದು ಅಂತ ನಿಮಗೆ ಗೊತ್ತಲ್ಲ, ಅದೇ.

ಇನ್ನೊಂದು ಕಡೆ ನಮ್ಮ ‘ದಿ’ ಇನ್ನೂ ಚೆನ್ನಾಗಿ ಅಡಗಿಕೊಂಡಿದೆ. ನಿಮ್ಮ ಮಗಳು ‘ಪುಸ್ತಕ ಹುಡುಕ್ತಿದ್ದೀನಿ’ ಅಂದರೆ ಓದಲು ಯಾವುದಾದರೂ ಒಂದು ಸಿಕ್ಕರೆ ಸಾಕು ಅಂತ ಇರಬಹುದು. ‘ಪುಸ್ತಕಾನ ಹುಡುಕ್ತಿದ್ದೀನಿ’ ಅಂದಳೋ, ಒಂದು ಪುಸ್ತಕ ಕಳೆದಿದೆ, ನೀವೂ ಎದ್ದು ಹುಡುಕಬೇಕು. ಆ ‘ಅನ್ನು’ ಅಲ್ಲಿ ಮಾಡಿದ್ದು ‘ದಿ’ಯ ಕೆಲಸವನ್ನೇ. ಎಂಟನೇ ಕ್ಲಾಸಿನವಳು ಇದನ್ನು ಯಾರೂ ಹೇಳಿಕೊಡದೆ ಎರಡು ಮೂರು ವರ್ಷದವಳಿದ್ದಾಗಲೇ ಕಲಿತಿದ್ದಾಳೆ. ಆದರೆ ಎಲ್ಲ ಕಡೆ ಲೆಕ್ಕ ತಾಳೆಯಾಗುವುದಿಲ್ಲ. ಅವರು ‘ದಿ ಸನ್’ ಅಂತಾರೆ, ನಾವು ‘ಆ ಸೂರ್ಯ’ ಅನ್ನುವುದಿಲ್ಲ, ಇರುವುದೇ ಒಬ್ಬ. ಅವರ ರೂಢಿಯಲ್ಲಿ ಊರಿಗೆ ‘ದಿ’ ಬೇಡ, ನದಿಗೆ ಬೇಕು: ಬೆಂಗಳೂರು ಬರೀ ಬೆಂಗಳೂರು, ಕಾವೇರಿ ‘ದಿ ಕಾವೇರಿ’. ಇದಕ್ಕೆ ಕಾರಣ ಕೇಳಬೇಡಿ ಅಂತ ಹೇಳಿ, ರೂಢಿ ಅಷ್ಟೇ.

ಇಷ್ಟು ಚಿಕ್ಕ ಪದ, ಬಿಟ್ಟರೆ ಏನು ಮಹಾ ಅಂತ ನಿಮಗೆ ಅನ್ನಿಸಬಹುದು. 1967ರ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ನಿರ್ಣಯ ಪಾಸು ಮಾಡಿತು. ಆ ವರ್ಷದ ಜೂನ್ ಯುದ್ಧದಲ್ಲಿ ಹಿಡಿದ ಪ್ರದೇಶಗಳಿಂದ ಇಸ್ರೇಲ್ ಸೈನ್ಯ ಹಿಂದೆ ಸರಿಯಬೇಕು ಅನ್ನುವುದು ಅದರಲ್ಲಿದ್ದ ಒಂದು ಮಾತು. ಇಂಗ್ಲಿಷ್ ಪಾಠದಲ್ಲಿ ‘ಫ್ರಮ್ ಟೆರಿಟರೀಸ್’ ಅಂತ ಇದೆ, ನಡುವೆ ‘ದಿ’ ಇಲ್ಲ. ‘ದಿ’ ಇಲ್ಲ ಅಂದಮೇಲೆ ಎಲ್ಲ ಪ್ರದೇಶ ಬಿಡಬೇಕಂತೇನಿಲ್ಲ, ಕೆಲವು ಬಿಟ್ಟರೂ ಆಯಿತು ಅಂತ ಒಂದು ಕಡೆಯವರ ವಾದ. ಫ್ರೆಂಚ್ ಪಾಠ ಓದಿದರೆ ‘ದಿ’ ಇರುವ ಅರ್ಥವೇ ಬರುತ್ತದೆ, ಆದ್ದರಿಂದ ಹಿಡಿದದ್ದನ್ನೆಲ್ಲ ಬಿಡಬೇಕು ಅಂತ ಇನ್ನೊಂದು ಕಡೆಯವರು. ಒಂದು ಪುಟಾಣಿ ಇಲ್ಲದೇ ಹೋದದ್ದಕ್ಕೆ ಇಷ್ಟು ವರ್ಷದ ಜಗಳ.

‘ಎ’ ಕೂಡ ಕಡಿಮೆ ಆಸಾಮಿಯಲ್ಲ. 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟು ಆಡಿದ ಮಾತಿನ ರೆಕಾರ್ಡಿಂಗ್ ಕೇಳಿದರೆ ‘ಫಾರ್ ಮ್ಯಾನ್’ ಅಂದ ಹಾಗೆ ಕೇಳಿಸುತ್ತದೆ. ‘ಎ’ ಇಲ್ಲದ ‘ಮ್ಯಾನ್’ ಅಂದರೆ ಇಡೀ ಮನುಷ್ಯಕುಲ. ಆಗ ಮಾತು ‘ಮನುಕುಲಕ್ಕೆ ಪುಟ್ಟ ಹೆಜ್ಜೆ, ಮನುಕುಲಕ್ಕೆ ದೊಡ್ಡ ನೆಗೆತ’ ಅಂತಾಗಿಬಿಡುತ್ತದೆ. ತಾನು ಹೇಳಹೊರಟಿದ್ದು ‘ಫಾರ್ ಎ ಮ್ಯಾನ್’, ಅಂದರೆ ಒಬ್ಬ ಮನುಷ್ಯನಿಗೆ, ಅಂತ ಆಮೇಲೆ ಅವರೇ ಹೇಳಿದರು.

ಇನ್ನು ನನ್ನ ಕಥೆ. ಪತ್ರಿಕೆಗೆ ಸೇರಿದ ಹೊಸತು. ಇಂಗ್ಲಿಷಿನಲ್ಲಿ ಬರೆಯುವ ಹಿರಿಯರೊಬ್ಬರ ಲೇಖನವನ್ನು ಅನುವಾದಿಸಿ ಹಾಕಿದ್ದೆವು. ಮೆಚ್ಚಿ ಏಳೆಂಟು ಪತ್ರ ಬಂದವು. ಖುಷಿಯಿಂದ ನಾನೇ ಅವರಿಗೆ ಬರೆದೆ: ‘ಫ್ಯೂ ರೀಡರ್ಸ್ ಲೈಕ್ಡ್ ಯುವರ್ ಆರ್ಟಿಕಲ್’. ನನ್ನ ಬಾಯಿಪಾಠದ ಪಟ್ಟಿಯಲ್ಲಿ ‘ಫ್ಯೂ ಅಂದ್ರೆ ಕೆಲವು’ ಅಂತಿತ್ತು. ಕೆಲವು ಓದುಗರು ಮೆಚ್ಚಿದ್ದಾರೆ ಅಂತ ಹೇಳಿದೆ ಅಂದುಕೊಂಡೆ. ವಾರದಲ್ಲಿ ಪೋಸ್ಟ್ ಕಾರ್ಡ್ ಬಂತು, ಒಂದೇ ಸಾಲು: ಹಾಗಿದ್ದರೆ ಮುಂದಿನದನ್ನು ಹಾಕಬೇಡಿ. ‘ಎ ಫ್ಯೂ’ ಅಂದರೆ ಕೆಲವರು ಮೆಚ್ಚಿದರು. ‘ಎ’ ಬಿಟ್ಟು ಬರೀ ‘ಫ್ಯೂ’ ಅಂದರೆ ಮೆಚ್ಚಿದವರು ತೀರಾ ಕಡಿಮೆ. ಆ ಹಿರಿಯರಿಂದ ಮತ್ತೆ ಲೇಖನ ಬರಲೇ ಇಲ್ಲ. ಪಟ್ಟಿ ಕೊಡುವುದಿಲ್ಲ ಅಂದದ್ದು ಇದಕ್ಕೇ.

‘ಎ’ ಎಲ್ಲಿ, ‘ಆ್ಯನ್’ ಎಲ್ಲಿ ಅಂತಲೂ ಕೇಳಿದ್ದೀರಿ. ಅಕ್ಷರ ನೋಡಬೇಡಿ, ಕಿವಿಗೆ ಬೀಳುವ ಸದ್ದು ನೋಡಿ. ಸ್ವರದ ಸದ್ದಿದ್ದರೆ ‘ಆ್ಯನ್’: ಆ್ಯನ್ ಅವರ್, ಆ್ಯನ್ ಎಂಎಲ್ಎ. ಇಲ್ಲದಿದ್ದರೆ ‘ಎ’: ಎ ಯೂನಿವರ್ಸಿಟಿ. ಇಲ್ಲಿ ನಮ್ಮ ಬಾಯಿ ಒಂದು ಕಿತಾಪತಿ ಮಾಡುತ್ತದೆ. ನಾವು ‘ಎಗ್’ ಅನ್ನುವುದನ್ನು ‘ಯೆಗ್’ ಅಂತೀವಿ, ‘ಓನರ್’ ನಮ್ಮ ಬಾಯಲ್ಲಿ ‘ವೋನರ್’. ಆಮೇಲೆ ‘ಎ ಯೆಗ್’ ನಮ್ಮ ಕಿವಿಗೆ ಸರಿಯಾಗಿಯೇ ಕೇಳಿಸುತ್ತದೆ, ತಪ್ಪು ಅನ್ನಿಸುವುದೇ ಇಲ್ಲ! ಈ ಜೋಡಿಯಲ್ಲಿ ಹಳೆಯದು ‘ಆ್ಯನ್’. ‘ಒನ್’ ಪದವೂ ಅದೂ ಒಂದೇ ಬೇರಿನವು, ನಮ್ಮ ‘ಒಂದು’ ಮಾಡುವ ಕೆಲಸವನ್ನೇ ಮಾಡಿಕೊಂಡಿದ್ದವು. ಇಂಗ್ಲಿಷರೂ ಇದರಲ್ಲಿ ಎಡವಿದ್ದಾರೆ ಅನ್ನುವುದು ನನಗೆ ಸಮಾಧಾನದ ವಿಷಯ. ಅಡುಗೆ ಮಾಡುವಾಗ ಕಟ್ಟುವ ಏಪ್ರನ್ ಮೂಲದಲ್ಲಿ ‘ನೇಪ್ರನ್’. ‘ಎ ನೇಪ್ರನ್’ ಅಂತ ಬೇಗ ಬೇಗ ಹೇಳುತ್ತಾ ಹೇಳುತ್ತಾ ಅದರ ‘ನ’ವನ್ನು ಹಿಂದಿನ ಪದಕ್ಕೆ ದಾನ ಕೊಟ್ಟು ‘ಆ್ಯನ್ ಏಪ್ರನ್’ ಮಾಡಿಕೊಂಡರು.

ಇನ್, ಆನ್, ಅಟ್ ಬಗ್ಗೆ ಬರೆದರೆ ಈ ಸಂಚಿಕೆ ಸಾಲುವುದಿಲ್ಲ. ಬಸ್ ಸ್ಟ್ಯಾಂಡಲ್ಲಿ, ಬಸ್ಸಲ್ಲಿ, ಆಟೋದಲ್ಲಿ, ಮೂರಕ್ಕೂ ನಮಗೆ ‘ಅಲ್ಲಿ’ ಒಂದೇ. ಅವರಿಗೆ ಅಟ್ ದಿ ಬಸ್ ಸ್ಟ್ಯಾಂಡ್, ಆನ್ ದಿ ಬಸ್, ಇನ್ ದಿ ಆಟೋ. ಎದ್ದು ನಿಂತು ಓಡಾಡಬಹುದಾದ ಗಾಡಿಗೆ ‘ಆನ್’, ಬಗ್ಗಿ ಹತ್ತಿ ಕೂರುವುದಕ್ಕೆ ‘ಇನ್’ ಅಂತ ನೆನಪಿಟ್ಟುಕೊಂಡರೆ ಮುಕ್ಕಾಲು ಕೆಲಸ ಆದ ಹಾಗೆ. ‘ಆಂಗ್ರಿ ಆನ್ ಮಿ’ ಅಂತ ಮಾತ್ರ ಬರೆಯಬೇಡ ಅಂತ ಹೇಳಿ. ಕೋಪ ನಮ್ಮಲ್ಲಿ ಒಬ್ಬರ ‘ಮೇಲೆ’ ಬರುತ್ತದೆ, ಅವರಲ್ಲಿ ಒಬ್ಬರ ‘ವಿತ್’ ಬರುತ್ತದೆ.

ಒಂದು ಎಫ್‌ನ ‘ಆಫ್’ ಮತ್ತು ಎರಡು ಎಫ್‌ನ ‘ಆಫ್’ ಯಾಕೆ ಒಂದೇ ಥರ ಅಂತ ಕೇಳಿದ್ದಕ್ಕೆ: ಅವು ಮೊದಲು ಒಂದೇ ಪದ. ಒತ್ತಿ ಹೇಳಿದ್ದು ಎರಡು ಎಫ್‌ನದಾಯಿತು, ಹಗುರವಾಗಿ ಹೇಳಿದ್ದು ಒಂದು ಎಫ್‌ನಲ್ಲೇ ಉಳಿಯಿತು, ಅದರ ಸದ್ದು ‘ಆವ್’ ಆಯಿತು. ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರೆದು ನಾವು ಅವನ್ನು ಮತ್ತೆ ಒಂದು ಮಾಡಿದ್ದೇವೆ.

ಕೊನೆಗೆ, ಪತ್ರದ ಕೆಳಗೆ ಮಗಳು ತನ್ನ ಕೈಯಾರೆ ಬರೆದ ಸಾಲು: ‘ಐ ಆಮ್ ರೀಡಿಂಗ್ ಯುವರ್ ಮ್ಯಾಗಝಿನ್ ಸಿನ್ಸ್ ಟು ಇಯರ್ಸ್. ಐ ರೀಡ್ ಪದಬಂಧ ಪೇಜ್ ಓನ್ಲಿ.’ ‘ಸಿನ್ಸ್’ ಏನಾಗಬೇಕು ಅಂತ ಈಗ ಅವಳೇ ಹೇಳಲಿ. ಪದಬಂಧದ ಪುಟ ಯಾವುದು ಅಂತ ನಮ್ಮಿಬ್ಬರಿಗೂ ಗೊತ್ತು, ಆದ್ದರಿಂದ ಅದರ ಮುಂದೆ ಒಂದು ‘ದಿ’ ಇರಲಿ. ಉಳಿದದ್ದು ಆ ‘ಓನ್ಲಿ’. ‘ಇವತ್ತೇ ಬಂದೆ’ ಅನ್ನುವುದನ್ನು ನಾವು ‘ಟುಡೇ ಓನ್ಲಿ ಐ ಕೇಮ್’ ಅಂತೀವಲ್ಲ, ಕನ್ನಡದ ‘ಏ’ಯನ್ನೆಲ್ಲ ‘ಓನ್ಲಿ’ ಮಾಡುವುದು ನಮ್ಮ ಅಭ್ಯಾಸ. ಹಾಗಾಗಿ ಅವಳು ಹೇಳಿದ್ದು ‘ಪದಬಂಧದ ಪುಟವನ್ನೇ ಮೊದಲು ಓದ್ತೀನಿ’ ಅಂತಲೋ, ಅಥವಾ ‘ಅದೊಂದನ್ನು ಮಾತ್ರ ಓದ್ತೀನಿ, ಉಳಿದದ್ದು ಮುಟ್ಟಲ್ಲ’ ಅಂತಲೋ, ದಯವಿಟ್ಟು ಕೇಳಿ ಒಂದು ಕಾರ್ಡು ಹಾಕಿ. ಕನ್ನಡದಲ್ಲೇ ಬರೆಯಲಿ.