ಓದು ಅಂದರೆ ಹೊಟ್ಟೆನೋವು: ಒಂದು ಬೇಸಿಗೆ ರಜೆಯ ಪ್ರಕರಣ

ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮನೆ. ಹುಡುಗ ನಾಲ್ಕನೇ ತರಗತಿ ಮುಗಿಸಿದ್ದಾನೆ, ಮನೆಮಾತು ತೆಲುಗು. ಇಲ್ಲಿ ಅವನನ್ನು ಕಿರಣ ಎನ್ನೋಣ. ಗುರುತು ಸಿಗುವ ವಿವರಗಳನ್ನು ಬದಲಿಸಿದೆ.

ತಾಯಿಯ ದೂರು ನೇರವಾಗಿತ್ತು. "ಬುಕ್ಕು ತೆಗಿ ಅಂದ್ರೆ ಸಾಕು ಮೇಡಂ, ಹೊಟ್ಟೆನೋವು ಅಂತಾನೆ. ಹುಳುಮನೆಗೆ ಬಾ ಅಂದ್ರೆ ಓಡ್ತಾನೆ." ರಜೆ ಶುರುವಾದ ವಾರವೇ ತಂದೆ ಐದನೇ ತರಗತಿಯ ಪುಸ್ತಕ, ಗೈಡು ತಂದು, ಮಧ್ಯಾಹ್ನ ಎರಡು ಗಂಟೆ ಹೊತ್ತು ನಡೆಯುವ ಟ್ಯೂಷನ್ನಿಗೆ ಹಾಕಿದ್ದರು. ತಪ್ಪಿದರೆ ಪುಟಗಟ್ಟಲೆ ಕಾಪಿ ಬರೆಯುವ ಶಿಕ್ಷೆ. ನೋವು ಬರುತ್ತಿದ್ದದ್ದು ಟ್ಯೂಷನ್ ಹೊತ್ತಿಗೆ. ಭಾನುವಾರ ಇಲ್ಲವೇ ಇಲ್ಲ. ವೈದ್ಯರು ಪರೀಕ್ಷಿಸಿ ದೇಹದಲ್ಲಿ ತೊಂದರೆಯಿಲ್ಲ ಎಂದಿದ್ದರು. ಕಣ್ಣಿನ ತಪಾಸಣೆಯೂ ಆಗಿತ್ತು.

ಸೋಮಾರಿತನ ಎನ್ನುವ ಮೊದಲು ಓದಿಸಿ ನೋಡಬೇಕು. ಐದನೇ ತರಗತಿಯ ಪಾಠದಲ್ಲಿ ಮೊದಲ 50 ಪದಗಳಿಗೆ 14 ತಪ್ಪು. ಎರಡನೇ ತರಗತಿ ಮಟ್ಟದ ಕಥೆಯಲ್ಲಿ ಅಷ್ಟೇ ಪದಗಳಿಗೆ ಎರಡೇ ತಪ್ಪು. ಓದಿದ ಮೇಲೆ ಕಥೆಯನ್ನು ತೆಲುಗಿನಲ್ಲಿ ಚೆನ್ನಾಗಿ ಹೇಳಿದ. ಅರ್ಥವಾಗುವುದು ಅವನಿಗೆ ಕಷ್ಟವಲ್ಲ, ಅಕ್ಷರ ಬಿಡಿಸುವುದು ಕಷ್ಟ. ಹೆಚ್ಚು ಎಡವುತ್ತಿದ್ದದ್ದು ಅರ್ಕಾವೊತ್ತಿನಲ್ಲಿ. 'ಸೂರ್ಯ' ಎಂಬಲ್ಲಿ ಕಣ್ಣಿಗೆ ಮೊದಲು ಬೀಳುವುದು 'ಯ', ಆಮೇಲೆ ಪಕ್ಕದ ಅರ್ಕಾವೊತ್ತು. ಹಾಗಾಗಿ 'ಸೂಯರ್' ಎಂದು ಓದುತ್ತಿದ್ದ. ನಾಲ್ಕು ವರ್ಷ ಶಾಲೆಗೆ ಹೋದ ಮಗು ಹೀಗೆ ಓದಿದರೆ ಮನೆಯವರು ನಗುತ್ತಾರೆ. ಮಗು ಬಾಯಿ ಮುಚ್ಚುವುದು ಅಲ್ಲಿಂದಲೇ.

ಟ್ಯೂಷನ್ ಈ ರಜೆಗೆ ನಿಲ್ಲಿಸಿ ಎಂದು ನಾನು ಹೇಳಿದ್ದು ತಂದೆಗೆ ಹಿಡಿಸಲಿಲ್ಲ. "ಪಕ್ಕದ ಮನೆ ಹುಡುಗ ಆಗಲೇ ಎರಡು ಪಾಠ ಮುಗಿಸಿದ್ದಾನೆ" ಎಂದರು. ಐದರಲ್ಲಿ ಒಂದಕ್ಕಿಂತ ಹೆಚ್ಚು ಪದ ತಪ್ಪುವ ಪುಸ್ತಕವನ್ನು ದಿನಾ ಎರಡು ಗಂಟೆ ಹಿಡಿಸಿದರೆ ಮಗು ಕಲಿಯುವುದು ತಪ್ಪಿಸಿಕೊಳ್ಳುವುದನ್ನು ಎಂದು ಅವರ ಎದುರೇ ಓದಿಸಿ ತೋರಿಸಬೇಕಾಯಿತು. ಅಳತೆ ಸುಲಭ: 50 ಪದಕ್ಕೆ ಎರಡು ತಪ್ಪಿನವರೆಗೆ ಮಗು ತಾನೇ ಓದಲಿ, ಮೂರರಿಂದ ಐದಾದರೆ ದೊಡ್ಡವರು ಜೊತೆಗಿರಲಿ, ಅದಕ್ಕೂ ಹೆಚ್ಚಾದರೆ ಆ ಪುಸ್ತಕವನ್ನು ದೊಡ್ಡವರೇ ಓದಿ ಹೇಳಲಿ.

ದಿನಕ್ಕೆ 20 ನಿಮಿಷ ಸಾಕು, ಹುಳುಗಳಿಗೆ ಬೆಳಗಿನ ಸೊಪ್ಪು ಹಾಕಿ ಮುಗಿದ ಮೇಲೆ, ಬಿಸಿಲೇರುವ ಮೊದಲು. ತಾಯಿ ಪಕ್ಕದಲ್ಲಿ ಕೂತು ಜೊತೆಜೊತೆಗೆ ಗಟ್ಟಿಯಾಗಿ ಓದುವುದು. ಮಗು ನಿಂತರೆ ಮನಸ್ಸಿನಲ್ಲೇ ನಾಲ್ಕು ಎಣಿಸಿ, ಪದ ಹೇಳಿಕೊಟ್ಟು ಮುಂದೆ ಸಾಗುವುದು. ಅಕ್ಷರ ಅಕ್ಷರ ಕೂಡಿಸಿ ಹೇಳು ಎಂದು ಒತ್ತಾಯಿಸಿದರೆ ವಾಕ್ಯದ ಎಳೆಯೇ ಕಡಿದುಹೋಗುತ್ತದೆ. ಒಂದೇ ಪುಟವನ್ನು ಮೂರು ದಿನ ಓದಿಸಿ. ಮೂರನೇ ದಿನದ ಸಲೀಸು ಮಗುವಿಗೇ ಕೇಳಿಸುತ್ತದೆ. ಕೊನೆಯ ಐದು ನಿಮಿಷ ಅರ್ಕಾವೊತ್ತಿನ ಚೀಟಿಗಳು: ಸೂರ್ಯ, ವರ್ಷ, ಕರ್ಪೂರ, ಮಾರ್ಚ್. ದಿನಕ್ಕೆ ಐದೇ ಪದ. ಓದಿದ ಕಥೆಯನ್ನು ಅಜ್ಜಿಗೆ ತೆಲುಗಿನಲ್ಲೇ ಹೇಳಲಿ. ಮನೆಯಲ್ಲಿ ತೆಲುಗು ಬಿಡಿ ಎಂದು ಯಾರೋ ಸಲಹೆ ಕೊಟ್ಟಿದ್ದರಂತೆ. ಅದು ಬೇಡವೇ ಬೇಡ.

ಪುಸ್ತಕಕ್ಕೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಪುಸ್ತಕ ಆರಿಸುವುದು ಕಿರಣನ ಹಕ್ಕು. ಚಿತ್ರವೇ ಹೆಚ್ಚಿದ್ದರೂ ಅಡ್ಡಿಯಿಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಹಂತವಾರು ಸಿಗುತ್ತವೆ, ಆದರೆ ಫೋನ್ ಕೈಗೆ ಬಂದರೆ ಕಥೆ ಐದು ನಿಮಿಷ, ಗೇಮು ಐವತ್ತು ನಿಮಿಷ. ಡೌನ್‌ಲೋಡ್ ಮಾಡಿ, ನೆಟ್ ಆಫ್ ಮಾಡಿ ಕೊಡುವುದಾದರೆ ಸರಿ.

ಇಂಥ ಮನೆಗಳಲ್ಲಿ ವೇಳಾಪಟ್ಟಿ ಮುರಿಯುವ ವಾರ ಮೊದಲೇ ಗೊತ್ತು. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲೆ ಹುಳು ಸೊಪ್ಪು ತಿನ್ನುವ ಭರಕ್ಕೆ, ಆಮೇಲೆ ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟಿಗೆ) ಬಿಡುವ ಗಡಿಬಿಡಿಗೆ, ಯಾರಿಗೂ ಪುರುಸೊತ್ತಿರುವುದಿಲ್ಲ. ಆ ದಿನಗಳಲ್ಲಿ ಪುಸ್ತಕ ಬೇಡ, ಹುಳುಮನೆಯ ನೋಟ್‌ಬುಕ್ ಕಿರಣನದು ಎಂದು ಒಪ್ಪಂದವಾಯಿತು. ದಿನಕ್ಕೆ ಮೂರು ಸಲ ಥರ್ಮಾಮೀಟರ್ ನೋಡಿ ಬರೆಯುವುದು. ಬೆಳೆದ ಹುಳುವಿಗೆ ಬೇಕಾದ್ದು 24-25 ಡಿಗ್ರಿ, ಎಷ್ಟು ಹೆಚ್ಚಾಯಿತು ಎಂದು ಕಳೆಯುವುದು. ಗೂಡು ಮಾರಿದ ದಿನ ತೂಕ, ಕೆ.ಜಿ. ದರ ಗುಣಿಸಿ, ಬಂದ ಹಣಕ್ಕೆ ತಾಳೆ ಹಾಕುವುದು. ಲೆಕ್ಕದ ಪುಸ್ತಕ ರಜೆಯಲ್ಲಿ ತೆರೆಯದಿದ್ದರೂ ನಡೆಯುತ್ತದೆ.

ಎರಡನೇ ತರಗತಿ ಮಟ್ಟದ್ದೂ ಓದಲಾಗದಿದ್ದರೆ, ಹೀಗೆ ತಿಂಗಳು ಓದಿಸಿದರೂ ಅಕ್ಷರ ನಿಲ್ಲದಿದ್ದರೆ ಸಲಹೆ ಬೇರೆಯೇ ಇರುತ್ತಿತ್ತು: ಕಲಿಕಾ ನ್ಯೂನತೆಯ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಸೌಲಭ್ಯವಿದೆ. ಕಿರಣನಿಗೆ ಸದ್ಯ ಬೇಕಾಗಲಿಲ್ಲ.

ಮೇ ಕೊನೆಗೆ ಹೊಟ್ಟೆನೋವಿನ ಮಾತಿಲ್ಲ. ಮೂರನೇ ತರಗತಿ ಮಟ್ಟದ ಪುಟದಲ್ಲಿ 50 ಪದಕ್ಕೆ ನಾಲ್ಕು ತಪ್ಪು. ನಾಲ್ಕನೇ ತರಗತಿಯದಕ್ಕೆ ಇನ್ನೂ ಬಂದಿಲ್ಲ, ತಂದೆಗೆ ಆ ಬಗ್ಗೆ ಅಸಮಾಧಾನವೂ ಇದೆ. ಹೊಸ ತರಗತಿಯ ಶಿಕ್ಷಕರಿಗೆ ಕೊಡಲು ಒಂದು ಚೀಟಿ ಬರೆದುಕೊಟ್ಟಿದೆ: ಎರಡನೇ ತರಗತಿ ಮಟ್ಟ ಸಲೀಸು, ಮೂರನೆಯದು ನೆರವಿದ್ದರೆ ಸರಿ, ಅರ್ಕಾವೊತ್ತಿನಲ್ಲಿ ತಡವರಿಕೆ. ಎಲ್ಲರೆದುರು ಇದ್ದಕ್ಕಿದ್ದಂತೆ ಓದಿಸಬೇಡಿ. ಯಾವ ಪುಟವೆಂದು ಹಿಂದಿನ ದಿನವೇ ಹೇಳಿ ಕಳಿಸಿ.