ಎದುರುಬದುರಿನ ದ್ವೀಪಗಳು, ಎರಡು ತಾರೀಖು

ಓದುಗರ ಪತ್ರ: ಡಯಮೀಡ್ ದ್ವೀಪಗಳ ನಡುವೆ ನಾಲ್ಕು ಕಿಲೋಮೀಟರೂ ಇಲ್ಲ, ಆದರೂ ವೇಳೆಯಲ್ಲಿ 21 ಗಂಟೆಗಳ ವ್ಯತ್ಯಾಸವಿದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಎದುರಿಗೇ ಕಾಣುವ ಎರಡು ದ್ವೀಪಗಳಿಗೆ ಸೂರ್ಯ ಬೇರೆ ಬೇರೆಯೇ? ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ನಡೆದು ‘ನಾಳೆ’ಗೆ ಹೋಗಬಹುದೇ?

ಸಂಪಾದಕರ ಉತ್ತರ: ತಮ್ಮ ಸಂಶಯ ನ್ಯಾಯವಾದದ್ದು. ಬೇರಿಂಗ್ ಜಲಸಂಧಿಯಲ್ಲಿರುವ ಈ ದ್ವೀಪಗಳ ಪೈಕಿ ಸಣ್ಣ ಡಯಮೀಡ್ ಅಮೆರಿಕದ ಅಲಾಸ್ಕಕ್ಕೂ ದೊಡ್ಡದು ರಷ್ಯಕ್ಕೂ ಸೇರಿವೆ. ಎರಡೂ ಹೆಚ್ಚುಕಡಿಮೆ 169 ಡಿಗ್ರಿ ಪಶ್ಚಿಮ ರೇಖಾಂಶದಲ್ಲೇ ಇರುವುದರಿಂದ, ಅಲ್ಲಿ ಸೂರ್ಯ ಆಕಾಶದಲ್ಲಿ ಅತಿ ಎತ್ತರಕ್ಕೆ ಬರುವ ಹೊತ್ತಿನಲ್ಲಿ ಒಂದು ನಿಮಿಷದ ಅಂತರವೂ ಇಲ್ಲ. ಸಣ್ಣ ದ್ವೀಪದಲ್ಲಿ ಸೋಮವಾರ ಬೆಳಿಗ್ಗೆ 9 ಗಂಟೆಯಾದಾಗ ದೊಡ್ಡದರಲ್ಲಿ ಬೆಳಿಗ್ಗೆ 6 ಗಂಟೆ, ಆದರೆ ಮಂಗಳವಾರದ್ದು. ಗಡಿಯಾರದ ಮುಳ್ಳುಗಳಲ್ಲಿ ಕಾಣುವ ವ್ಯತ್ಯಾಸ ಮೂರೇ ಗಂಟೆ; ತಾರೀಖು ಬದಲಾಗುವುದರಿಂದ ಅದು 21 ಆಗುತ್ತದೆ. ಬೇಸಿಗೆಯಲ್ಲಿ ಅಲಾಸ್ಕದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುವುದರಿಂದ 20ಕ್ಕೆ ಇಳಿಯುತ್ತದೆ.

ತಾರೀಖನ್ನು ಬೇರೆ ಮಾಡಿದ್ದು ಒಂದು ಕ್ರಯಪತ್ರವೆಂದರೆ ತಪ್ಪಾಗದು. 1867ರಲ್ಲಿ ರಷ್ಯ ಅಲಾಸ್ಕವನ್ನು 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿದಾಗ, ಗಡಿಯು ಈ ಎರಡು ದ್ವೀಪಗಳ ನಟ್ಟನಡುವೆ ಹಾದುಹೋಗತಕ್ಕದ್ದೆಂದು ಒಪ್ಪಂದದಲ್ಲೇ ಬರೆಯಲಾಯಿತು. ಅಲ್ಲಿಯವರೆಗೆ ಅಲಾಸ್ಕವೂ ರಷ್ಯದ ಕಡೆಯ ವಾರವನ್ನೇ ಎಣಿಸುತ್ತಿತ್ತು. ಕೈಬದಲಾದ ಮೇಲೆ ಅಮೆರಿಕದ ವಾರಕ್ಕೆ ಹೊಂದಿಕೊಂಡಿತು.

ಆದರೆ ‘ನಿನ್ನೆ’, ‘ನಾಳೆ’ಗಳ ಈ ಸೋಜಿಗದಲ್ಲಿ ಅಲ್ಲಿಯ ಜನ ಮರೆತುಹೋಗುತ್ತಾರೆಂಬುದು ನಮ್ಮ ಕಳವಳ. ಎರಡು ದಡಗಳ ಮೂಲನಿವಾಸಿಗಳು ಗಡಿ ಬಂದ ಮೇಲೂ ಬಹುಕಾಲ ದೋಣಿಯಲ್ಲಿ, ಮಂಜುಗಡ್ಡೆಯ ಮೇಲೆ ಹೋಗಿಬಂದು ನಂಟಸ್ತನ ಉಳಿಸಿಕೊಂಡಿದ್ದರು. ಶೀತಲ ಸಮರ ಶುರುವಾದಾಗ, 1948ರಲ್ಲಿ, ಗಡಿ ಮುಚ್ಚಿತು. ಸೋವಿಯತ್ ಸರ್ಕಾರ ದೊಡ್ಡ ದ್ವೀಪದ ನಿವಾಸಿಗಳನ್ನು ಮುಖ್ಯಭೂಮಿಗೆ ಸಾಗಿಸಿತು. ಈಗ ಅಲ್ಲಿ ಊರಿಲ್ಲ, ಗಡಿಕಾವಲಿನವರಷ್ಟೇ ಇದ್ದಾರೆ. ಸಣ್ಣ ದ್ವೀಪದ ಕಡಿದಾದ ಇಳಿಜಾರಿನಲ್ಲಿ ಇನ್ಯುಪಿಯಾಟ್ ಜನರ ಒಂದು ಪುಟ್ಟ ಊರು ಉಳಿದಿದೆ. 2020ರ ಜನಗಣತಿಯಲ್ಲಿ ನೂರು ಮಂದಿಯೂ ಇರಲಿಲ್ಲ.

ನಡೆದು ಹೋಗುವ ವಿಚಾರ: ಕೆಲವು ಚಳಿಗಾಲಗಳಲ್ಲಿ ನಡುವಿನ ನೀರು ಹೆಪ್ಪುಗಟ್ಟುವುದು ನಿಜ, ಆದರೆ ಅನುಮತಿಯಿಲ್ಲದೆ ದಾಟುವುದು ಅಪರಾಧ. 1987ರ ಆಗಸ್ಟಿನಲ್ಲಿ ಅಮೆರಿಕದ ಈಜುಗಾರ್ತಿ ಲಿನ್ ಕಾಕ್ಸ್, ಮೈ ಮರಗಟ್ಟಿಸುವ ಆ ನೀರಿನಲ್ಲಿ ಸುಮಾರು ಎರಡು ಗಂಟೆ ಈಜಿ ಸಣ್ಣ ದ್ವೀಪದಿಂದ ದೊಡ್ಡದಕ್ಕೆ ಹೋದದ್ದು ಕೂಡ ಮಾಸ್ಕೋ ಒಪ್ಪಿಗೆ ಕೊಟ್ಟ ಮೇಲೆಯೇ.