ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿವೆ, ಮತ್ತೆ ವೆಲ್ಷ್ ಯಾಕೆ?

ಬ್ರಿಟನ್ನಿನ ವೇಲ್ಸ್‌ನಲ್ಲಿ ಇತಿಹಾಸ ಮತ್ತು ಅಲ್ಲಿನ ವೆಲ್ಷ್ ಭಾಷೆಯನ್ನು ಜೊತೆಗೇ ಡಿಗ್ರಿಗೆ ಓದುವ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಒಂದಕ್ಕೆ ಈ ಸಲ ಉದ್ದವಾಗಿಯೇ ಉತ್ತರ ಬರೆಯುತ್ತೇನೆ. ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅರ್ಜಿ ಹಾಕೋದು ಹೇಗೆ, ಫೀಸು ಎಷ್ಟು ಅನ್ನೋದೆಲ್ಲ ಆಯಾ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿದೆ, ಅಲ್ಲೇ ನೋಡಿಕೊಳ್ಳಿ.

ಪ್ರಶ್ನೆ: ನಾವು ಕಾರ್ಡಿಫ್‌ನಲ್ಲಿದ್ದೇವೆ. ಮಗಳು ಚಿಕ್ಕಂದಿನಿಂದ ವೆಲ್ಷ್ ಮಾಧ್ಯಮದ ಶಾಲೆಯಲ್ಲೇ ಓದಿದವಳು. ಈಗ ಇತಿಹಾಸ, ವೆಲ್ಷ್ ಎರಡೂ ಸೇರಿಸಿ ಬಿ.ಎ. ಮಾಡ್ತೀನಿ ಅಂತಾಳೆ. ಬರೀ ಇತಿಹಾಸ ಓದಿದರೆ ಸಾಲದೇ? ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿವೆ, ಉಳಿದದ್ದಕ್ಕೆ ಅನುವಾದ ಇದೆ. ಎರಡು ಅರ್ಧ ಡಿಗ್ರಿಗಿಂತ ಒಂದು ಪೂರ್ತಿ ಡಿಗ್ರಿ ಮೇಲಲ್ವಾ?

ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿವೆ ಅಂತ ನಿಮಗೆ ಹೇಳಿದವರು ಯಾರು? ಸರ್ಕಾರಿ ದಾಖಲೆಗಳು ಇಂಗ್ಲಿಷಿನಲ್ಲಿವೆ, ನಿಜ. ಯಾಕೆ ಹಾಗಿವೆ ಎಂದು ಮೊದಲು ಕೇಳಬೇಕು. 1536ರ ಕಾಯ್ದೆ ವೇಲ್ಸನ್ನು ಇಂಗ್ಲೆಂಡಿಗೆ ಸೇರಿಸಿತು. ಕೋರ್ಟಿನ ಕೆಲಸ ಇಂಗ್ಲಿಷಿನಲ್ಲೇ ನಡೆಯಬೇಕು, ಇಂಗ್ಲಿಷ್ ಬಾರದವನಿಗೆ ಹುದ್ದೆ ಇಲ್ಲ ಎಂದಿತು. ಆಗ ಅಲ್ಲಿನ ಬಹುಪಾಲು ಜನರಿಗೆ ವೆಲ್ಷ್ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಜನ ಆಡಿದ್ದು ಒಂದು ಭಾಷೆಯಲ್ಲಿ, ಗುಮಾಸ್ತ ಬರೆದುಕೊಂಡದ್ದು ಇನ್ನೊಂದರಲ್ಲಿ.

‘ಗ್ರೇಟ್ ಸೆಷನ್ಸ್’ ಎಂಬ ಕೋರ್ಟು 1830ರವರೆಗೆ, ಸುಮಾರು ಮುನ್ನೂರು ವರ್ಷ ವೇಲ್ಸ್‌ನಲ್ಲಿ ನಡೆಯಿತು. ಅದರ ಕಾಗದಪತ್ರಗಳು ಅಬೆರಿಸ್ಟ್‌ವಿತ್ ಊರಿನಲ್ಲಿರುವ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ತೆಗೆದು ನೋಡಿದರೆ ಲ್ಯಾಟಿನ್, ಇಲ್ಲವೇ ಇಂಗ್ಲಿಷ್. ಆದರೆ ಮಾನಹಾನಿಯ ಕೇಸು ಬಂತೆಂದರೆ ಲೆಕ್ಕಾಚಾರ ಬೇರೆ. ಅಲ್ಲಿ ಬೈದ ಮಾತೇ ಅಪರಾಧ. ಹಾಗಾಗಿ ಅದನ್ನು ಆಡಿದ ಹಾಗೇ ವೆಲ್ಷ್‌ನಲ್ಲೇ ಬರೆದುಕೊಂಡರು. ಒಣ ಒಣ ಕಾನೂನಿನ ಸಾಲುಗಳ ಮಧ್ಯೆ ಇದ್ದಕ್ಕಿದ್ದಂತೆ ಒಬ್ಬ ಹಳ್ಳಿಯವನು ಇನ್ನೊಬ್ಬನನ್ನು ‘ನೀನು ಕಳ್ಳ’ ಎಂದು ತನ್ನ ಭಾಷೆಯಲ್ಲೇ ಬೈಯುವುದು ಕೇಳಿಸುತ್ತದೆ. ಸಾಮಾನ್ಯ ಜನರ ಮಾತು ಹೀಗೆ ನೇರವಾಗಿ ಸಿಗುವ ಜಾಗ ಕೋರ್ಟಿನ ಕಡತಗಳಲ್ಲಿ ಬಹಳ ಕಡಿಮೆ. ವೆಲ್ಷ್ ಬಾರದವರು ಸರಿಯಾಗಿ ಅದೇ ಸಾಲನ್ನು ಹಾರಿಸಿ ಮುಂದೆ ಹೋಗುತ್ತಾರೆ.

ಇನ್ನೊಂದು ನೋಡಿ. 1847ರಲ್ಲಿ ವೇಲ್ಸ್‌ನ ಶಾಲೆಗಳ ಬಗ್ಗೆ ಲಂಡನ್ನಿನ ಸರ್ಕಾರ ಒಂದು ವರದಿ ತಂದಿತು. ಬರೆದ ಮೂವರು ಕಮಿಷನರುಗಳಿಗೂ ವೆಲ್ಷ್ ಬರುತ್ತಿರಲಿಲ್ಲ. ಇಂಗ್ಲಿಷ್ ಅರ್ಥವಾಗದ ಮಕ್ಕಳನ್ನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲ, ದಡ್ಡರು ಎಂದರು. ಅಷ್ಟಕ್ಕೇ ನಿಲ್ಲಿಸದೆ ಹೆಂಗಸರ ನಡತೆಯ ಬಗ್ಗೆಯೂ ಕೊಂಕು ಬರೆದರು. ವೇಲ್ಸ್‌ನ ಜನ ಅದನ್ನು ಇಂದಿಗೂ ‘ನೀಲಿ ಪುಸ್ತಕಗಳ ದ್ರೋಹ’ ಎಂದೇ ಕರೆಯುತ್ತಾರೆ. ಆ ವರದಿ ಇಂಗ್ಲಿಷಿನಲ್ಲಿ ಪೂರ್ತಿ ಸಿಗುತ್ತದೆ. ಅದಕ್ಕೆ ವೆಲ್ಷ್ ಪತ್ರಿಕೆಗಳಲ್ಲಿ ಬಂದ ಸಿಟ್ಟಿನ ಉತ್ತರಗಳು ವೆಲ್ಷ್‌ನಲ್ಲಿವೆ. ಒಂದನ್ನೇ ಓದಿದ ವಿದ್ಯಾರ್ಥಿ ದೂರು ಕೊಟ್ಟವರ ಹೇಳಿಕೆಯನ್ನಷ್ಟೇ ಕೇಳಿ ತೀರ್ಪು ಬರೆದ ಹಾಗಾಯಿತು.

ಅನುವಾದ ಸಾಕು ಅನ್ನುವವರಿಗೆ ಯೋಲೋ ಮೊರ್ಗನುಗ್ ಕಥೆ ಹೇಳಬೇಕು. 14ನೇ ಶತಮಾನದ ದೊಡ್ಡ ಕವಿ ದಾವಿದ್ ಅಪ್ ಗ್ವಿಲಿಮ್. ಅವನ ಕವಿತೆಗಳು 1789ರಲ್ಲಿ ಅಚ್ಚಾದಾಗ ಕೊನೆಗೆ ಒಂದು ಅನುಬಂಧ ಸೇರಿತು. ಅದರಲ್ಲಿದ್ದ ಕವಿತೆಗಳನ್ನು ಒದಗಿಸಿದವನು ಯೋಲೋ. ಬರೆದವನೂ ಅವನೇ! ನೂರಕ್ಕೂ ಹೆಚ್ಚು ವರ್ಷ ಅವು ಆ ಕವಿಯದೇ ಎಂದು ನಡೆದವು. 1920ರ ದಶಕದಲ್ಲಿ ಜಿ. ಜೆ. ವಿಲಿಯಮ್ಸ್ ಎಂಬ ವಿದ್ವಾಂಸ ಕಳ್ಳತನ ಹಿಡಿದರು. ಹಳೆಯ ಹಸ್ತಪ್ರತಿ, ಭಾಷೆ, ಛಂದಸ್ಸು ಎಲ್ಲ ಬಲ್ಲವರಾದ್ದರಿಂದ ಹಿಡಿದರು. ಅನುವಾದದಲ್ಲಿ ಅಸಲಿಯೂ ನಕಲಿಯೂ ಒಂದೇ ಥರ ಕಾಣುತ್ತವೆ.

ಇಷ್ಟು ಹೇಳಿದರೂ ಕೆಲವರು, ‘ಈಗ ಎಲ್ಲ ಆನ್‌ಲೈನ್ ಇದೆ, ಹುಡುಕಿದರೆ ಸಿಗುತ್ತೆ’ ಅಂತಾರೆ. ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳನ್ನು ಉಚಿತವಾಗಿ ಇಟ್ಟಿದೆ. ಹುಡುಕಿ ನೋಡಿ. ಕಾರ್ಡಿಫ್‌ಗೆ ವೆಲ್ಷ್ ಹೆಸರು ಕೈರ್‌ದೀದ್. ‘ಕಾರ್ಡಿಫ್‌ಗೆ’ ಅನ್ನುವಾಗ ಮೊದಲಿನ ಕ ಹೋಗಿ ಗ ಬರುತ್ತದೆ. ‘ಕಾರ್ಡಿಫ್‌ನಲ್ಲಿ’ ಅನ್ನುವಾಗ ಮೂಗಿನಿಂದ ಬರುವ ಙ. ‘ಮತ್ತು ಕಾರ್ಡಿಫ್’ ಅಂದರೆ ಗಂಟಲಿನ ಖ. ಕ ಒಂದನ್ನೇ ಟೈಪ್ ಮಾಡಿದವನಿಗೆ ಉಳಿದ ಮೂರು ರೂಪದ ಸುದ್ದಿಗಳು ತಪ್ಪಿಹೋಗಬಹುದು. ಕನ್ನಡದ ಮಕ್ಕಳಿಗೆ ಇದು ಅಷ್ಟು ಹೊಸದೇನಲ್ಲ. ಮಳೆ, ಕಾಲ ಸೇರಿ ಮಳೆಗಾಲ ಆಗುವ ಆದೇಶ ಸಂಧಿ ಕಲಿತಿರುತ್ತಾರಲ್ಲ, ವೆಲ್ಷ್‌ನಲ್ಲೂ ಕ, ತ, ಪ ಹೋಗಿ ಗ, ದ, ಬ ಬರುತ್ತವೆ. ಕಲಿಸಿದರೆ ಬೇಗ ಹತ್ತುತ್ತದೆ.

ಇನ್ನು ‘ಅರ್ಧ ಡಿಗ್ರಿ’. ಈ ಮಾತನ್ನು ದಯವಿಟ್ಟು ಮಗಳ ಎದುರು ಆಡಬೇಡಿ. ಅಲ್ಲಿ ವರ್ಷಕ್ಕೆ 120 ಕ್ರೆಡಿಟ್. ಒಂದು ವಿಷಯ ಓದಿದರೂ 120, ಎರಡು ಓದಿದರೂ 120. ಹೊರೆ ಕಡಿಮೆಯಾಗಲ್ಲ, ಜಾಸ್ತಿಯೇ ಆಗಬಹುದು. ಎರಡು ವಿಭಾಗ ಒಂದನ್ನೊಂದು ಕೇಳದೆ ಒಂದೇ ವಾರದಲ್ಲಿ ಪ್ರಬಂಧ ಕೇಳುತ್ತವೆ. ಇದು ನಿಜವಾದ ತೊಂದರೆ, ಅವಳಿಗೆ ಮೊದಲೇ ಗೊತ್ತಿರಲಿ.

ವಿಶ್ವವಿದ್ಯಾಲಯ ನೋಡಲು ಹೋದಾಗ ಕಟ್ಟಡ ನೋಡಿ ಬರಬೇಡಿ. ಇತಿಹಾಸ ವಿಭಾಗದವರನ್ನೇ ನೇರ ಕೇಳಿ: ಯಾವ ಯಾವ ಪೇಪರುಗಳನ್ನು ವೆಲ್ಷ್‌ನಲ್ಲಿ ಪಾಠ ಮಾಡ್ತೀರಿ? ವೆಲ್ಷ್ ದಾಖಲೆ ಇಟ್ಟುಕೊಂಡು ಡಿಸರ್ಟೇಶನ್ ಬರೆದರೆ ಮಾರ್ಗದರ್ಶನ ಯಾರು ಮಾಡ್ತಾರೆ? ಹೆಸರು ಹೇಳದೆ ‘ವ್ಯವಸ್ಥೆ ಮಾಡೋಣ’ ಅಂದರೆ ನಾನಾದರೆ ಅಲ್ಲಿ ಸೇರಿಸುವುದಿಲ್ಲ. ವೆಲ್ಷ್ ಮಾಧ್ಯಮದ ಉನ್ನತ ಶಿಕ್ಷಣಕ್ಕಾಗಿಯೇ 2011ರಿಂದ ‘ಕೋಲೆಗ್ ಕಮ್‌ರೈಗ್ ಕೆನೆಡ್‌ಲೈಥೋಲ್’ ಎಂಬ ಸಂಸ್ಥೆ ಇದೆ. ಅದರ ವಿದ್ಯಾರ್ಥಿವೇತನಗಳನ್ನು ಈಗಲೇ ನೋಡಿಡಿ. ಮಧ್ಯಯುಗದ ವೆಲ್ಷ್ ಪೇಪರ್ ಕಷ್ಟ ಎಂದು ಬಹಳ ಜನ ಬಿಡುತ್ತಾರೆ. ಅವಳು ಬಿಡದಿರಲಿ. ವೇಲ್ಸ್‌ನ ಹಳೆಯ ಕಾನೂನು, 1282ರಲ್ಲಿ ರಾಜಕುಮಾರ ಲ್ಲೆವೆಲಿನ್ ಸತ್ತಾಗ ಹುಟ್ಟಿದ ಶೋಕಗೀತೆ, ಇವೆಲ್ಲ ಆ ಭಾಷೆಯಲ್ಲಿವೆ.

ನಿಮ್ಮ ಮಗಳು ಎರಡೂ ಬೇಕು ಅಂತಿದ್ದಾಳೆ. ಅಡ್ಡ ಬರಬೇಡಿ.

ಪ್ರಶ್ನೆ: ವೆಲ್ಷ್ ಅಂದರೆ ಇಂಗ್ಲಿಷಿನದೇ ಒಂದು ಹಳ್ಳಿ ರೂಪ ಅಲ್ವಾ?

ಅಲ್ಲ. ಇಂಗ್ಲಿಷರು ಆ ದ್ವೀಪಕ್ಕೆ ಬರುವ ಮುಂಚೆ ಅಲ್ಲಿದ್ದ ಭಾಷೆಯ ಮಗಳು ಅದು.

ಪ್ರಶ್ನೆ: ವೆಲ್ಷ್ ಹುಟ್ಟಿದ್ದು ಸಂಸ್ಕೃತದಿಂದ, ಡ್ರುಯಿಡ್ ಪೂಜಾರಿಗಳು ಭಾರತದಿಂದ ಹೋದವರು ಎಂಬ ವಿಡಿಯೋ ನೋಡಿದೆ. ಇದನ್ನು ಕೋರ್ಸಿನಲ್ಲಿ ಕಲಿಸುತ್ತಾರಾ?

ಕಲಿಸಲ್ಲ, ಯಾಕೆಂದರೆ ಸುಳ್ಳು. ಎರಡೂ ಇಂಡೋ-ಯುರೋಪಿಯನ್ ಕುಟುಂಬದ ಭಾಷೆಗಳು, ದೂರದ ದಾಯಾದಿಗಳು. ನೀವು ನೋಡುವ ಬಿಳಿ ನಿಲುವಂಗಿಯ ‘ಪ್ರಾಚೀನ’ ಡ್ರುಯಿಡ್ ಸಭೆ ಶುರುವಾದದ್ದು 1792ರಲ್ಲಿ, ಲಂಡನ್ನಿನ ಪ್ರಿಮ್‌ರೋಸ್ ಹಿಲ್‌ನಲ್ಲಿ. ಶುರು ಮಾಡಿದವನು ಮೇಲೆ ಹೇಳಿದ ಅದೇ ಯೋಲೋ. ಆ ವಿಡಿಯೋ ಯಾರಿಗೂ ಕಳಿಸಬೇಡಿ.

ಪ್ರಶ್ನೆ: ವೆಲ್ಷ್ ಕೋರ್ಸಿಗೆ ಸ್ಪರ್ಧೆ ಇಲ್ಲ, ಮೂರು ತಿಂಗಳಲ್ಲಿ ಭಾಷೆ ಕಲಿಸಿ ಸೀಟು ಕೊಡಿಸ್ತೀವಿ, ಪೌರತ್ವಕ್ಕೂ ವೆಲ್ಷ್ ನಡೆಯುತ್ತೆ ಅಂತ ಬೆಂಗಳೂರಿನ ಏಜೆಂಟರೊಬ್ಬರು ಹೇಳಿದರು. ನಂಬಬಹುದಾ?

ದುಡ್ಡು ಕೊಡಬೇಡಿ. ಪೌರತ್ವದ ಕಾನೂನಿನಲ್ಲಿ ಇಂಗ್ಲಿಷ್ ಜೊತೆ ವೆಲ್ಷ್ ಹೆಸರೂ ಇದೆ, ಅದಷ್ಟೇ ನಿಜ. ಸೀಟಿಗೂ ವೀಸಾಕ್ಕೂ ಅದಕ್ಕೂ ಸಂಬಂಧವಿಲ್ಲ. ಮೂರು ತಿಂಗಳಲ್ಲಿ ಟೀ ಆರ್ಡರ್ ಮಾಡುವಷ್ಟು ಬರಬಹುದು, ದಾಖಲೆ ಓದುವಷ್ಟು ಬರಲ್ಲ. ಹೊಸಬರಿಗೆ ಮೊದಲಿನಿಂದ ಕಲಿಸುವ ದಾರಿ ಕೆಲವು ವಿಭಾಗಗಳಲ್ಲೇ ಇದೆ, ಅವರಿಗೇ ಬರೆಯಿರಿ.

ಪ್ರಶ್ನೆ: ಕೆಲಸ ಸಿಗುತ್ತಾ?

ವೇಲ್ಸ್‌ನಲ್ಲಿ ಸರ್ಕಾರಿ ಕಚೇರಿಗಳು ವೆಲ್ಷ್‌ನಲ್ಲೂ ಸೇವೆ ಕೊಡಬೇಕು. ಶಿಕ್ಷಕರು, ಅನುವಾದಕರು, ದಾಖಲೆ ಸಂಗ್ರಹಾಲಯಗಳಲ್ಲಿ ಕೆಲಸ ಮಾಡುವವರು ಬೇಕು. ವೇಲ್ಸ್ ಬಿಟ್ಟು ಹೊರಗೆ ಹೋಗುವುದೇ ಗುರಿಯಾದರೆ ಈ ಡಿಗ್ರಿಗೆ ಬರಬೇಡಿ.

ಪ್ರಶ್ನೆ: ಶಿಲ್ಲಾಂಗ್‌ನಲ್ಲಿ ಇತಿಹಾಸ ಎಂ.ಎ. ಮಾಡುತ್ತಿರುವ ಕನ್ನಡಿಗ ನಾನು. ಖಾಸಿ ಬೆಟ್ಟಗಳ ಮಿಷನರಿಗಳ ಬಗ್ಗೆ ಸಂಶೋಧನೆ ಮಾಡುವಾಸೆ. ವೆಲ್ಷ್ ಬೇಕಾ?

ಬೇಕು. ಇಂಥ ಪ್ರಶ್ನೆ ಇನ್ನೂ ಜಾಸ್ತಿ ಬರಲಿ. ವೇಲ್ಸ್‌ನ ಮಿಷನರಿ ಥಾಮಸ್ ಜೋನ್ಸ್ 1841ರಲ್ಲಿ ಸೊಹ್ರಾಗೆ, ಅಂದರೆ ಚಿರಾಪುಂಜಿಗೆ ಬಂದರು. ಖಾಸಿ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ರೂಢಿ ಅವರಿಂದ ಬೆಳೆಯಿತು. ಅವರ ಚರ್ಚಿನ ಮಾತು ವೆಲ್ಷ್, ವೇಲ್ಸ್‌ನಲ್ಲಿ ಅವರ ಊರಿನವರು ಓದುತ್ತಿದ್ದ ಚರ್ಚ್ ಪತ್ರಿಕೆಗಳೂ ವೆಲ್ಷ್. ಮಿಷನ್ನಿನ ಕಾಗದಗಳು ಅಬೆರಿಸ್ಟ್‌ವಿತ್‌ನಲ್ಲಿವೆ. ಮಾತಾಡಲು ಆಮೇಲೆ ಕಲಿಯಿರಿ, ಮೊದಲು ಓದಲು ಕಲಿಯಿರಿ. ವೆಲ್ಷ್‌ನ ದೊಡ್ಡ ನಿಘಂಟು ‘ಗೈರಿಯಾದರ್ ಪ್ರಿವಸ್ಗೋಲ್ ಕಮ್‌ರಿ’ ಆನ್‌ಲೈನಿನಲ್ಲಿ ಉಚಿತ. ಪದ ಸಿಗದಿದ್ದರೆ ಮೊದಲ ಅಕ್ಷರ ಬದಲಾಗಿದೆಯಾ ನೋಡಿ, ಗ ಇದ್ದರೆ ಕ ಹಾಕಿ ಹುಡುಕಿ.